ತುಕ್ಕಿನ ಮೇಲೆ ಬಿಳಿ ಬೂಷ್ಟು: ಬೋರ್ಡೋ ಹೊಡೆಯಲೋ, ಬಿಡಲೋ?

ಮಲ್ನಾಡ್_ತೋಟ: ಮೂಡಿಗೆರೆ ಕಡೆ ಅರೇಬಿಕಾ ಕಾಫಿ, ಎಸ್.795 ತಳಿ. ಎಲೆ ತಳಭಾಗದಲ್ಲಿ ತುಕ್ಕು ರೋಗದ ಕಿತ್ತಳೆ ಪುಡಿ ಮೇಲೆ ಅಲ್ಲಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಬಂದಿದೆ. ತುಕ್ಕನ್ನೇ ತಿನ್ನೋ ಶಿಲೀಂಧ್ರ ಅಂದ್ರು. ಅಂಗಡೀಲಿ ವರ್ಟಿಸಿಲಿಯಂ ಪುಡಿ ತಂದು ಹೊಡೆಸಿದೆ, ಆದ್ರೂ ಎಲೆ ಉದುರೋದು ನಿಂತಿಲ್ಲ. ಈಗ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ್ರೆ ಈ ಬೂಷ್ಟೂ ಸಾಯುತ್ತಾ?

ಕಾಫಿಗಿಡ: ಬಿಳಿ ಬೂಷ್ಟು ಲೆಕಾನಿಸಿಲಿಯಂ ಇರಬಹುದು, ವರ್ಟಿಸಿಲಿಯಂ ಅನ್ನೋದು ಅದರದ್ದೇ ಹಳೇ ಹೆಸರು. ತುಕ್ಕಿನ ಬೀಜಕಣಗಳನ್ನ ತಿನ್ನುತ್ತೆ ನಿಜ. ತೊಂದರೆ ಏನಂದ್ರೆ, ತಿನ್ನೋಕೆ ಮೊದಲು ತುಕ್ಕು ಇರಬೇಕು. ಬೂಷ್ಟು ಬರೋ ಹೊತ್ತಿಗೆ ಕಿತ್ತಳೆ ಪುಡಿ ಗಾಳಿ-ಮಳೇಲಿ ಪಕ್ಕದ ಗಿಡಕ್ಕೆ ಹೋಗಿರುತ್ತೆ. ತುಕ್ಕು ಹಿಡಿದ ಎಲೇನ ಅದು ವಾಸಿ ಮಾಡಲ್ಲ. ಹಾಗಾಗಿ ಉದುರೋ ಎಲೆ ಉದುರುತ್ತೆ, ಅದನ್ನ ನೋಡಿ ಪುಡಿ ಕೆಲಸ ಮಾಡಿಲ್ಲ ಅನ್ನಬೇಡಿ.

ಬೋರ್ಡೋ ತಾಮ್ರದ್ದು, ಅದು ಒಳ್ಳೇ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಅಂತ ನೋಡಲ್ಲ. ಆದ್ರೂ ಎಸ್.795ಗೆ ಬೋರ್ಡೋ ಬಿಡಿ ಅಂತ ನಾನಂತೂ ಹೇಳಲ್ಲ. 200 ಲೀಟರ್ ಬ್ಯಾರೆಲ್‌ಗೆ 1 ಕೆಜಿ ಮೈಲುತುತ್ತ ಹಾಕಿದ 0.5% ದ್ರಾವಣ, ಎಲೆ ತಳಭಾಗ ನೆನೆಯೋ ಹಾಗೆ. ತುಕ್ಕು ಒಳಗೆ ಹೋಗೋದು ಅಲ್ಲಿನ ರಂಧ್ರಗಳಿಂದಲೇ. ಬೂಷ್ಟಿನ ಪುಡೀನ ಅದೇ ಬ್ಯಾರೆಲ್‌ಗೆ ಬೆರೆಸಿದ್ರೆ ದುಡ್ಡು ನೀರಿಗೆ ಹಾಕಿದಂಗೆ.

ಮಲ್ನಾಡ್_ತೋಟ: ಹಾಗಾದ್ರೆ ಪುಡಿ ಯಾಕೆ ಮಾರ್ತಾರೆ ಸಾರ್?

ಕಾಫಿಗಿಡ: ಪ್ಯಾಕೆಟ್ ಓದಿ ನೋಡಿ, ಸಾಮಾನ್ಯವಾಗಿ ರಸ ಹೀರೋ ಕೀಟಗಳಿಗೆ ಅಂತಿರುತ್ತೆ. ಕಾಫಿ ಗಿಡದ ರಸ ಹೀರೋ ನಮ್ಮ ಗ್ರೀನ್ ಬಗ್ ಕೀಟಕ್ಕೂ ಇದೇ ಶಿಲೀಂಧ್ರ ಹತ್ತುತ್ತೆ. ಮೆಕ್ಸಿಕೋದ ಚಿಯಾಪಾಸ್ ತೋಟಗಳಲ್ಲಿ ವ್ಯಾಂಡರ್‌ಮೀರ್, ಪರ್ಫೆಕ್ಟೊ ಅನ್ನೋ ವಿಜ್ಞಾನಿಗಳು ಇದರ ನಂಟು ಬಿಡಿಸಿದ್ರು. ಅಜ್ಟೆಕಾ ಅನ್ನೋ ಇರುವೆಗಳು ಗ್ರೀನ್ ಬಗ್ ಸಾಕುತ್ವೆ, ಕೀಟ ಹೆಚ್ಚಾದಲ್ಲಿ ಬಿಳಿ ಬೂಷ್ಟು ಹೆಚ್ಚುತ್ತೆ, ಅದು ಅಲ್ಲಿಂದ ತುಕ್ಕಿಗೂ ಹರಡುತ್ತೆ. ತುಕ್ಕಿನ ಮೇಲೆ ಅದರ ಹಿಡಿತ ಮಾತ್ರ ದುರ್ಬಲ ಅಂತಲೇ ಕಂಡಿದ್ದು. ತೋಟದಲ್ಲಿ ಗ್ರೀನ್ ಬಗ್ ಬೆಳೆಸಿ ತುಕ್ಕು ಓಡಿಸೋಣ ಅಂತ ಯಾರೂ ಹೊರಡಬೇಡಿ!

ಹೊಸಬೆಳೆ: ಪುಡಿ ಪ್ರಯೋಗ ಮಾಡಲೇಬೇಕು ಅಂದ್ರೆ?

ಕಾಫಿಗಿಡ: ತೋಟದಲ್ಲಿ ಒಂದು ಪಟ್ಟೆ ಅದಕ್ಕೇ ಬಿಡಿ, ಅಲ್ಲಿ ತಾಮ್ರ ಬೇಡ. ತೇವ ಇರೋ ಸಂಜೆ ಹೊತ್ತು ಹೊಡೀರಿ, ಬಿಸಿಲು ಬೂಷ್ಟಿನ ಬೀಜಕಣಗಳನ್ನ ಕೊಲ್ಲುತ್ತೆ. ಪ್ಯಾಕೆಟ್ ತಾರೀಕು ನೋಡಿ, ಬಿಸಿ ಗೋಡೌನ್‌ನಲ್ಲಿ ಬಿದ್ದಿದ್ದು ಜೀವಂತ ಇರಲ್ಲ. ಸತ್ತ ಗಿಡಗಳ ಜಾಗಕ್ಕೆ ಚಂದ್ರಗಿರಿ ತಳಿ ಹಾಕಿ, ತುಕ್ಕು ಅದರಲ್ಲಿ ಕಡಿಮೆ.