ಅಪ್‌ಡೇಟ್: ಅಂಡಮಾನ್‌ನಲ್ಲಿ ದುಡ್ಡಿಲ್ಲದೆ ಏನು ಮಾಡಬಹುದು ಅಂತ ಕೇಳಿದ್ದೆ

ಸ್ಕೂಬಾ ಡೈವಿಂಗ್, ಗ್ಲಾಸ್ ಬೋಟ್ (ತಳದಲ್ಲಿ ಗಾಜಿರುವ ದೋಣಿ) ಎಲ್ಲ ನಮ್ಮ ಬಜೆಟ್ ಮೀರುತ್ತೆ, ಪುಕ್ಕಟೆ ಏನಿದೆ ಅಂತ ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ, ನೀವು ಸಲಹೆ ಕೊಟ್ಟಿದ್ದಿರಿ. ಮೊನ್ನೆ ಬೆಂಗಳೂರಿಗೆ ವಾಪಸ್ ಬಂದೆವು.

ಗೆದ್ದಿದ್ದು ನೀಲ್ ದ್ವೀಪದ ಕಲ್ಲಿನ ಸೇತುವೆ ಸಲಹೆ. ಇದು ಯಾರೂ ಕಟ್ಟಿದ್ದಲ್ಲ, ತಾನಾಗೇ ಆದ ಕಲ್ಲಿನ ಕಮಾನು, ಲಕ್ಷ್ಮಣಪುರ 2 ಬೀಚ್‌ನಲ್ಲಿದೆ. ಇಳಿತದ ಹೊತ್ತಿಗೇ ಹೋಗಿ ಅಂದಿದ್ದಿರಲ್ಲ, ಅದೇ ಮುಖ್ಯ. ನೀರು ಸರಿದ ಮೇಲೆ ಕಲ್ಲಿನ ಗುಂಡಿಗಳಲ್ಲಿ ಸಣ್ಣ ಮೀನು, ಏಡಿ, ಸಮುದ್ರ ಸೌತೆ (ಸೌತೆಕಾಯಿ ಆಕಾರದ ಒಂದು ಪ್ರಾಣಿ). ಮಗಳು ಎರಡು ಗಂಟೆ ಅಲ್ಲಿಂದ ಕದಲಲಿಲ್ಲ! ಕಲ್ಲು ಜಾರುತ್ತೆ, ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ. ನಾನು ಹವಾಯಿ ಚಪ್ಪಲಿಯಲ್ಲಿ ಹೋಗಿ ಬಿದ್ದೆ.

ಕೈಕೊಟ್ಟಿದ್ದು ರಾತ್ರಿ ಮಿನುಗುವ ಅಲೆ (ನೀರಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಹೊಳೆಯುವಂಥದ್ದು) ನೋಡುವ ಪ್ಲಾನ್. ಹುಣ್ಣಿಮೆ ಹತ್ತಿರ ಇತ್ತು, ಬೆಳದಿಂಗಳಲ್ಲಿ ಏನೂ ಕಾಣಲಿಲ್ಲ. ಸುಮ್ನೆ ಸೊಳ್ಳೆ ಕಚ್ಚಿಸಿಕೊಂಡೆವು. ಅದನ್ನು ನೋಡಬೇಕಾದರೆ ಅಮಾವಾಸ್ಯೆ ಕಡೆ ಹೋಗಿ. ತಮಾಷೆ ಅಂದ್ರೆ, ಹುಣ್ಣಿಮೆ ಅಮಾವಾಸ್ಯೆಗಳಲ್ಲೇ ನೀರು ಜಾಸ್ತಿ ಕೆಳಗಿಳಿಯೋದು. ಹಾಗಾಗಿ ಅದೇ ಚಂದ್ರನಿಂದ ಸೇತುವೆ ಕಡೆ ನಮಗೆ ಲಾಭ ಆಯ್ತು.

ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಬೀಚ್‌ಗೂ ನಾವು ಹೋದಾಗ ಟಿಕೆಟ್ ಇರಲಿಲ್ಲ. ಆದರೆ ಮೊದಲ ದಿನ ಬೆಂಗಳೂರಿನ ಲೆಕ್ಕದಲ್ಲಿ ಆರು ಗಂಟೆಗೆ ಸೂರ್ಯಾಸ್ತ ನೋಡಲು ಹೋದರೆ ಕತ್ತಲು! ಚಳಿಗಾಲದಲ್ಲಿ ಅಲ್ಲಿ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಗಡಿಯಾರ ಒಂದೇ, ದ್ವೀಪ ಮಾತ್ರ ಅಷ್ಟು ಪೂರ್ವಕ್ಕಿದೆ ಅಲ್ವಾ.

ಇನ್ನೊಂದು, ಚಿಪ್ಪು, ಹವಳದ ತುಂಡು ಆರಿಸಿ ತರಬೇಡಿ. ಅದು ಕಾನೂನಿಗೆ ವಿರುದ್ಧ. ಮಗಳ ಜೇಬಲ್ಲಿದ್ದದ್ದನ್ನೆಲ್ಲ ಅಲ್ಲೇ ಬೀಚ್‌ನಲ್ಲಿ ಸುರಿಸಿ ಬಂದೆವು.