ಕಣಜ ಖಾಲಿಯಾದ ವರ್ಷ

ಇಂಗ್ಲೆಂಡಿನ ಕೊವೆಂಟ್ರಿಯ ಗಿರೀಶನ ಮನೆ ಬಾಗಿಲ ಹಿಂದೆ ಇವತ್ತಿಗೂ ಒಂದು ಕಪ್ಪು-ಹಳದಿ ಮಫ್ಲರ್ ನೇತಾಡುತ್ತದೆ. ವಾಸ್ಪ್ಸ್ ರಗ್ಬಿ ಟೀಮಿನದು. ಭಾನುವಾರ ಹೊರಗೆ ಜಿಟಿಜಿಟಿ ಮಳೆ, ಒಳಗೆ ಈರುಳ್ಳಿ ಬಜ್ಜಿ. ಮಂಜು ಅದನ್ನು ಎಳೆದು ಎಣ್ಣೆ ಕೈ ಒರೆಸಿಕೊಂಡ.

"ಲೋ, ಅದು ಒರೆಸೋ ಬಟ್ಟೆ ಅಲ್ಲ ಕಣೋ! 2004, 2007, ಎರಡು ಸಲ ಯುರೋಪ್ ಗೆದ್ದ ಟೀಮು!"

"ಈಗೆಲ್ಲಿದೆ?"

ಗಿರೀಶ ಸುಮ್ನೆ ಬಜ್ಜಿ ಕಚ್ಚಿದ.

ನಾನೇ ಹೇಳಬೇಕಾಯಿತು. 2022–23ರ ಪ್ರೀಮಿಯರ್‌ಶಿಪ್, ಅಂದರೆ ಇಂಗ್ಲೆಂಡಿನ ಅತಿ ದೊಡ್ಡ ರಗ್ಬಿ ಲೀಗ್, ಮದುವೆಮನೆ ಪಂಕ್ತಿ ಇದ್ದ ಹಾಗೆ. ಹಾಕಿದ್ದು 13 ಎಲೆ. ಕೋಸಂಬರಿ ಬಡಿಸುವಾಗಲೇ ವುಸ್ಟರ್ ವಾರಿಯರ್ಸ್ ಎದ್ದರು. ಪಲ್ಯ ಬರುವಷ್ಟರಲ್ಲಿ ವಾಸ್ಪ್ಸ್. ಲಂಡನ್ ಐರಿಶ್ ಪಾಯಸದವರೆಗೂ ಕೂತು, ಕೈ ತೊಳೆಯುವಾಗ ಕುಸಿದರು.

"ಆಟ ಬರ್ತಿರಲಿಲ್ವಾ ಅವರಿಗೆ?" ಅಂದ ಮಂಜು.

"ಬರ್ತಿತ್ತು ಮಾರಾಯ, ದುಡ್ಡು ಬರ್ತಿರಲಿಲ್ಲ."

ವುಸ್ಟರ್ ಕಥೆ ಕೇಳಿ. ಸೆಪ್ಟೆಂಬರ್ 24ಕ್ಕೆ ನ್ಯೂಕಾಸಲ್ ಮೇಲೆ 39–5. ಆ ಸೀಸನ್ನಿನ ಮೊದಲ ಗೆಲುವು. ಎರಡು ದಿನ ಕಳೆಯುವಷ್ಟರಲ್ಲಿ ಟೀಮು ಅಮಾನತು. ಆಮೇಲೆ ಅವರು ಆಡಿದ್ದನ್ನೆಲ್ಲ ಪಟ್ಟಿಯಿಂದಲೇ ಅಳಿಸಿದರು.

"ಅಂದ್ರೆ ನ್ಯೂಕಾಸಲ್ ಒದೆ ತಿಂದಿದ್ದೂ ಅಳಿಸಿಹೋಯ್ತಾ? ಲಾಟರಿ ಅಲ್ವಾ!"

"ಆದರೂ ಕೊನೆಗೆ ತಳದಲ್ಲೇ ನಿಂತರು," ಅಂದ ಗಿರೀಶ, ಸ್ವಲ್ಪ ಖುಷಿಯಾಗಿಯೇ.

ಸುಮಾ ಎರಡನೇ ಒಬ್ಬೆ ಬಜ್ಜಿ ತಂದಿಟ್ಟಳು. "ರೀ, ಈ ಆಟದಲ್ಲಿ ಸೋತರೂ ಪಾಯಿಂಟ್ ಕೊಡ್ತಾರೆ ಅಂದಿದ್ರಿ?"

"ಹೌದು. ಗೆದ್ದರೆ 4. ಏಳೋ ಅದಕ್ಕಿಂತ ಕಮ್ಮಿಯೋ ಅಂತರದಲ್ಲಿ ಸೋತರೆ 1. ಎದುರಾಳಿ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಒಂದು ಟ್ರೈ; ಅಂಥ ನಾಲ್ಕು ಹೊಡೆದರೆ ಸೋತರೂ ಇನ್ನೊಂದು."

"ಇಷ್ಟು ಧಾರಾಳಿಗಳು ಸಾಲಕ್ಕೂ ಒಂದು ಪಾಯಿಂಟ್ ಕೊಡಬಹುದಿತ್ತು."

ಸಾಲ ಅಂದಕೂಡಲೇ ಗಿರೀಶನ ಮುಖ ಹುಳಿಯಾಯಿತು. ವಾಸ್ಪ್ಸ್ ಮೊದಲು ವಿಕಂಬ್‌ನಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ ಬಾಡಿಗೆಗೆ ಇದ್ದರು. 2014ರಲ್ಲಿ ಕೊವೆಂಟ್ರಿಯ ದೊಡ್ಡ ಸ್ಟೇಡಿಯಂ ಕೊಂಡರು. ಮರುವರ್ಷ ಜನರಿಂದ ಬಾಂಡ್ ಹೆಸರಲ್ಲಿ 35 ಮಿಲಿಯನ್ ಪೌಂಡ್ ಎತ್ತಿದರು. 2022ರ ಮೇನಲ್ಲಿ ವಾಪಸ್ ಕೊಡಬೇಕಿತ್ತು. ಆಗಲಿಲ್ಲ. ಅಕ್ಟೋಬರ್ 17ಕ್ಕೆ ಕಂಪನಿ ದಿವಾಳಿಯೆದ್ದು ಆಡಳಿತಾಧಿಕಾರಿಗಳ ಕೈಗೆ ಹೋಯಿತು, 167 ಜನರ ಕೆಲಸವೂ ಹೋಯಿತು.

"ಬಾಡಿಗೆ ಮನೇಲಿದ್ದವನು ಕಲ್ಯಾಣಮಂಟಪ ಕೊಂಡ ಹಾಗಾಯ್ತು," ಅಂದ ಮಂಜು. "ವಾಸ್ಪ್ ಅಂದ್ರೆ ಕನ್ನಡದಲ್ಲಿ ಏನು?"

"ಕಣಜ," ಅಂದಳು ಸುಮಾ. "ಹೆಸರು ಕಣಜ, ಒಳಗೆ ಕಾಳಿಲ್ಲ."

ಗಿರೀಶನಿಗೂ ನಗು ತಡೆಯಲಾಗಲಿಲ್ಲ. ಬಜ್ಜಿ ನೆತ್ತಿಗೆ ಹತ್ತಿತು. ಬೆನ್ನಿಗೆ ನಾನು ಗುದ್ದಿದ್ದು ಸ್ವಲ್ಪ ಜಾಸ್ತಿಯೇ ಆಯಿತೇನೋ, ರಗ್ಬಿ ವಿಷಯ ನೋಡಿ.

"ಅದಿರಲಿ, ಕಪ್ ಯಾರಿಗೆ?"

ಮೇ 27, ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನ, ಫೈನಲ್. ಸ್ಯಾರಸನ್ಸ್ 35, ಸೇಲ್ ಶಾರ್ಕ್ಸ್ 25. ಇದೇ ಸ್ಯಾರಸನ್ಸ್‌ನ 2020ರಲ್ಲಿ ಕೆಳಗಿನ ಲೀಗ್‌ಗೆ ತಳ್ಳಿದ್ದರು. ತಪ್ಪೇನು? ಆಟಗಾರರ ಸಂಬಳಕ್ಕೆ ಮಿತಿ ಮೀರಿ ಖರ್ಚು ಮಾಡಿದ್ದು.

"ಜಾಸ್ತಿ ಕೊಟ್ಟವರಿಗೂ ಶಿಕ್ಷೆ, ಕೊಡಲಾಗದವರಿಗೂ ಶಿಕ್ಷೆ!"

ಐರಿಶ್‌ನವರು ಪಾಪ, ಟೇಬಲ್ಲಿನಲ್ಲಿ ಐದನೆಯವರಾಗಿದ್ದರು. ನಾಲ್ಕನೆಯವರಾಗಿದ್ದರೆ ಸೆಮಿಫೈನಲ್. ಫೈನಲ್ ಮುಗಿದ ಹತ್ತೇ ದಿನಕ್ಕೆ, ಜೂನ್ 6ಕ್ಕೆ, ಅವರೂ ಅಮಾನತು. ಹದಿಮೂರು ಇದ್ದದ್ದು ಹತ್ತಾಯಿತು. ಕೆಳಗಿನ ಲೀಗ್ ಗೆದ್ದ ಜೆರ್ಸಿ ರೆಡ್ಸ್ ಆದರೂ ಮೇಲೆ ಬರುತ್ತಾರಾ ಅಂದರೆ, ಆ ಸೆಪ್ಟೆಂಬರಿನಲ್ಲಿ ಅವರದೂ ಬಾಗಿಲು ಬಂದ್.

ಮಂಜು ಮಫ್ಲರ್ ಬಿಡಿಸಿ ನೋಡಿದ. ಹಳದಿ ಪಟ್ಟಿಯ ಮೇಲೆ ಅವನ ಐದು ಬೆರಳು ಸರಿಯಾಗಿ ಮೂಡಿದ್ದವು.

"ಕೊಡಿ, ಮೆಷಿನ್ನಿಗೆ ಹಾಕ್ತೀನಿ," ಅಂದಳು ಸುಮಾ.

ಗಿರೀಶ ಕಿತ್ತುಕೊಂಡ. "ಬೇಡ ಬೇಡ. ಬಣ್ಣ ಬಿಟ್ಟರೆ ಹೊಸದು ಕೊಳ್ಳೋಕೆ ಅವರ ಅಂಗಡಿನೇ ಇಲ್ಲ."