ಸುತ್ತಾಡಿ ಬಂದರೂ ಸಮಾಧಾನ ಇಲ್ಲ, ನೀವೇನು ಮಾಡಿದಿರಿ?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ಸಾಲು ರಜೆ ಸಿಕ್ಕರೆ ಸಾಕು, ಗೋಕರ್ಣವೋ ಚಿಕ್ಕಮಗಳೂರೋ ಅಂತ ಹೊರಟುಬಿಡುತ್ತೇನೆ. ಭಾನುವಾರ ರಾತ್ರಿ ವಾಪಸ್ ಬಸ್ ಹತ್ತುವಾಗಲೇ ಮನಸ್ಸು ಮತ್ತೆ ಭಾರ. ಇದ್ದಲ್ಲೇ ಇದ್ದು ನೆಮ್ಮದಿ ಕಂಡುಕೊಂಡವರು ದಯವಿಟ್ಟು ಹೇಳಿ. ಧ್ಯಾನ ಮಾಡಿ ಅನ್ನಬೇಡಿ, ಅದೂ ಆಗಿದೆ.

ಮೈಸೂರಿನಿಂದ: ಅಮ್ಮನಿಗೆ ಹುಷಾರಿಲ್ಲದೆ ನಾನು ಊರು ಬಿಡುವ ಹಾಗಿರಲಿಲ್ಲ. ಬೇರೆ ದಾರಿ ಕಾಣದೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಲು ಶುರು ಮಾಡಿದೆ. ಮೊದಮೊದಲು ಬೇಜಾರೇ. ಅದೇ ಏರಿ, ಅದೇ ನೀರು, ಮಫ್ಲರ್ ಸುತ್ತಿಕೊಂಡ ಅದೇ ಹಿರಿಯರು. ಒಂದು ದಿನ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿ ಮೀನು ಹಿಡಿಯುವುದನ್ನು ನಿಂತು ನೋಡಿದೆ. ಕೊಕ್ಕನ್ನು ನೀರಿಗಿಳಿಸಿ, ಅದರ ಕೆಳಗಿನ ಚೀಲದ ತುಂಬ ಮೊಗೆದುಕೊಳ್ಳುತ್ತದೆ. ಕತ್ತು ಬಗ್ಗಿಸಿ ನೀರನ್ನೆಲ್ಲ ಸೋರಿಸುತ್ತದೆ, ಅವಸರವೇ ಇಲ್ಲ. ಆಮೇಲೆ ತಲೆ ಎತ್ತಿ ಗುಳುಂ! ಮರುದಿನ ಅದನ್ನೇ ನೋಡಲು ಹೋದೆ. ಈಗ ಬಣ್ಣದ ಕೊಕ್ಕರೆ ಯಾವ ಮರದಲ್ಲಿ ಕೂರುತ್ತದೆ, ನೀರು ಯಾವಾಗ ಇಳಿಯುತ್ತದೆ ಎಲ್ಲಾ ಗೊತ್ತು. ಕುವೆಂಪು ಅವರೂ ಇದೇ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದವರು. ಪುಣ್ಯವಂತರು, ಸ್ಟೇಟಸ್‌ಗೆ ಫೋಟೊ ಹಾಕುವ ಕಾಟ ಅವರಿಗಿರಲಿಲ್ಲ. ನೀವೂ ಹತ್ತಿರದ ಒಂದು ಕೆರೆ ಹಿಡಿಯಿರಿ, ಫೋನ್ ಮನೆಯಲ್ಲೇ ಇರಲಿ.

ಹುಬ್ಬಳ್ಳಿಯಿಂದ: ಪ್ರವಾಸವನ್ನು ಸುಮ್ನೆ ಯಾಕೆ ಬೈಯಬೇಕು? ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಅಂತಾರಲ್ಲ, ನಿಮ್ಮ ಶನಿ ಸೋಮವಾರದ ಆಫೀಸೇ ಇರಬಹುದು. ಮೊದಲು ಅದನ್ನು ನೋಡಿ. ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ಕೇಳಿ ಮಾಡಿದ ಅಧ್ಯಯನ 2010ರಲ್ಲಿ ಬಂದಿತ್ತು. ರಜೆಗೆ ಹೊರಡುವವರ ಖುಷಿ ಜಾಸ್ತಿ ಇದ್ದದ್ದು ಹೊರಡುವ ಮುಂಚೆ. ಬಂದ ಮೇಲೆ ಅವರಿಗೂ ಮನೆಯಲ್ಲೇ ಇದ್ದವರಿಗೂ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ರಜೆಯನ್ನು ತುಂಬ ಆರಾಮಾಗಿ ಕಳೆದವರಿಗೆ ಮಾತ್ರ ಆ ಖುಷಿ ಸ್ವಲ್ಪ ದಿನ ಉಳಿಯಿತು. ಎರಡು ದಿನದಲ್ಲಿ ಆರು ಜಾಗ ಮುಗಿಸುವವರು ಆ ಲೆಕ್ಕಕ್ಕೆ ಬರುವುದು ಅನುಮಾನ.

ಶಿರಸಿಯಿಂದ: ನಮ್ಮದು ದನಕರು ಇರುವ ಮನೆ. ಎರಡು ದಿನ ಹೊರಗಿರೋದೇ ಕಷ್ಟ. ನೀವೆಲ್ಲ ರಾತ್ರಿ ಬಸ್ಸಲ್ಲಿ ಬಂದು ನೋಡುವ ಯಾಣಕ್ಕೆ ನಾನು ಹೋಗಿ ವರ್ಷಗಳೇ ಆದವು. ಅಡಿಕೆ ಕೊಯ್ಲಿನ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಮೆಟ್ಟುಗತ್ತಿ ಹಿಡಿದು ಸುಲಿಯಲು ಕೂರುತ್ತಾರೆ. ರಾತ್ರಿ ಹತ್ತಾದರೂ ಮಾತು ಮುಗಿಯುವುದಿಲ್ಲ. ಜಗಳವೂ ಆಗುತ್ತದೆ, ಮರುದಿನ ಮತ್ತೆ ಬರುತ್ತಾರೆ. ಅಲ್ಲ ತಮ್ಮಾ, ನಿನ್ನ ಎದುರು ಫ್ಲ್ಯಾಟಿನವರ ಹೆಸರು ಗೊತ್ತಾ ನಿನಗೆ?